ದಿಣ್ಣೆ ಹೊಲದಲ್ಲಿ ತೋಡಿದ ಗುಂಡಿ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಗುಂಡಿಯ ಪಕ್ಕ ಒಂದು ಹುಣಸೆಮರ ಇತ್ತು ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಆ ಹೊಲದಲ್ಲಿ ಯಾವತ್ತೂ ಹುಣಸೆಮರ ಇರಲಿಲ್ಲ, ಇದ್ದದ್ದು ಹೊಂಗೆ ಎನ್ನುತ್ತಾಳೆ ಅಮ್ಮ. ವರ್ಷವೂ ಖಚಿತವಿಲ್ಲ. ನಾನು ಕೃಷಿ ಪದವಿಯ ಎರಡನೇ ವರ್ಷದಲ್ಲಿದ್ದೆ, ಹಾಗಾಗಿ ಎಂಬತ್ತರ ದಶಕದ ಕೊನೆಯ ಭಾಗ ಇರಬೇಕು. ಆಗಲೂ ದಿನಚರಿ ಬರೆಯುತ್ತಿದ್ದೆ. ಹುಡುಕಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ಶಿಡ್ಲಘಟ್ಟದ ಕಡೆ ಹೋಗಿದ್ದೆ, ಬಿಸಿಲು, ಕೈಯಲ್ಲಿ ಬೊಬ್ಬೆ. ಅತ್ತೆಯ ಹೆಸರಿಲ್ಲ, ಹೊಲದ ಮಾತಿಲ್ಲ. ಬೇಕೆಂದೇ ಬಿಟ್ಟೆನೋ, ಬರೆಯುವಂಥದ್ದು ಏನೂ ನಡೆಯಲಿಲ್ಲ ಅಂದುಕೊಂಡೆನೋ, ಈಗ ಹೇಳಲಾರೆ.

ಅಪ್ಪ ಗೌರಿಬಿದನೂರಿನಲ್ಲಿ ಸರ್ಕಾರಿ ಗುಮಾಸ್ತರಾಗಿದ್ದರು. ನಮ್ಮ ಊರು ಮಾತ್ರ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಿಂದ ಒಳಗೆ. ಅಲ್ಲಿ ಚಿಕ್ಕಪ್ಪ ಮನೆಯ ಜಮೀನು ನೋಡಿಕೊಂಡಿದ್ದರು. ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಹುಟ್ಟಿದವಳು ನನ್ನ ಅತ್ತೆ. ಅವಳನ್ನು ಅದೇ ಊರಿಗೆ ಕೊಟ್ಟಿದ್ದರು. ತವರಿಗೂ ಗಂಡನ ಮನೆಗೂ ಎರಡು ಬೀದಿ ಅಂತರ. ಮದುವೆಯಲ್ಲಿ ತಾತ ಕೆರೆ ಕೆಳಗಿನ ಒಂದು ಎಕರೆಯನ್ನು ಅವಳ ಅರಿಶಿನ ಕುಂಕುಮಕ್ಕೆ ಎಂದು ಬಿಟ್ಟುಕೊಟ್ಟರು. ಬಾಯಿ ಮಾತು ಅಷ್ಟೇ. ಕಾಗದ ಪತ್ರ ಯಾರೂ ಮಾಡಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಅತ್ತೆ ಅದಕ್ಕೆ ಹಿಪ್ಪುನೇರಳೆ ಹಾಕಿದಳು. ಆ ಸೊಪ್ಪಿನಿಂದ ರೇಷ್ಮೆ ಹುಳು ಸಾಕಿ ಗೂಡು ಮಾರಿ ಬಂದದ್ದು ಅವಳ ಸ್ವಂತದ್ದು. ಆ ಮನೆಯಲ್ಲಿ ಗಂಡನನ್ನು ಕೇಳದೆ ಅವಳು ಖರ್ಚು ಮಾಡುತ್ತಿದ್ದದ್ದು ಅದೊಂದನ್ನೇ.

ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಡಾಕ್ಟರಾಗಬೇಕು ಎಂದು ಓದಿ, ಸೀಟು ಸಿಗದೆ, ಕೃಷಿಗೆ ಸೇರಿದವಳು. ಮೊದಲ ವರ್ಷ ಪೂರ್ತಿ ಬಿಟ್ಟುಹೋಗುವ ಯೋಚನೆಯಲ್ಲೇ ಕಳೆದೆ. ತರಗತಿಯಲ್ಲಿ ಕೂತರೆ ಕಾಲು ಸುಮ್ಮನಿರುತ್ತಿರಲಿಲ್ಲ, ಪಕ್ಕದ ಹುಡುಗಿ ತೊಡೆ ಚಿವುಟಿ ನಿಲ್ಲಿಸುತ್ತಿದ್ದಳು. ಎರಡನೇ ವರ್ಷ ಮಣ್ಣಿನ ಪಾಠ ಶುರುವಾದಾಗ ಸ್ವಲ್ಪ ನಿಂತೆ ಅನಿಸುತ್ತದೆ. ಮಣ್ಣು ಎಂದರೆ ನೆಲದ ಮೇಲೆ ಹಾಸಿದ ಪುಡಿಯಲ್ಲ, ಅದಕ್ಕೆ ಆಳ ಇದೆ, ಆಳದಲ್ಲಿ ಪದರಗಳಿವೆ, ಬಂಡೆ ಒಡೆದು ಮಣ್ಣಾಗುವ ಕೆಲಸ ನಮ್ಮ ಕಾಲ ಕೆಳಗೆ ಇನ್ನೂ ಮುಗಿದಿಲ್ಲ ಎಂದು ಮೇಷ್ಟ್ರು ಹೇಳಿದರು. ಮುಗಿಯದೇ ಇರುವುದು ಎಂಬ ಮಾತು ನನಗೆ ಹಿಡಿಸಿತು. ಅವರು ಹೇಳಿದ್ದು ಹೀಗೆಯೇ ಇತ್ತೋ, ಆಮೇಲೆ ನಾನೇ ರೈತರಿಗೆ ಹೇಳಿ ಹೇಳಿ ಹೀಗಾಯಿತೋ.

ಪ್ರತಿಯೊಬ್ಬರೂ ತಮ್ಮ ಮನೆ ಹೊಲದ ಮಣ್ಣು ತರಿಸಬೇಕು ಎಂದರು. ಬದುವಿನ ಹತ್ತಿರ ತೆಗೆಯಬಾರದು, ಮರದ ನೆರಳಲ್ಲಿ ತೆಗೆಯಬಾರದು, ತಿಪ್ಪೆ ಇದ್ದ ಜಾಗ ಬೇಡ. ಹೊಲದ ಉದ್ದಕ್ಕೂ ಅಂಕುಡೊಂಕಾಗಿ ನಡೆದು, ಹಲವು ಕಡೆ ಅಗೆದು, ಎಲ್ಲ ಬೆರೆಸಿ, ಅದರಲ್ಲಿ ಒಂದು ಪಾಲು ತೆಗೆಯಬೇಕು. ನಾನು ಇದನ್ನೆಲ್ಲ ಬರೆಯದೆ, ಕಾಲೇಜಿನಲ್ಲಿ ನಮ್ಮ ಹೊಲದ ಮಣ್ಣು ಕೇಳುತ್ತಿದ್ದಾರೆ, ಕಳಿಸಿ ಎಂದಷ್ಟೇ ಊರಿಗೆ ಹೇಳಿ ಕಳಿಸಿದೆ.

ಎರಡು ಗಂಟು ಬಂದವು. ಚಿಕ್ಕಪ್ಪ ಕಳಿಸಿದ್ದು ಕೆರೆ ಗೋಡು, ಅಂದರೆ ಬೇಸಿಗೆಯಲ್ಲಿ ಕೆರೆಯ ತಳದಿಂದ ಎತ್ತಿ ಹೊಲಕ್ಕೆ ಹೊಡೆಯುವ ಕಪ್ಪು ಮಣ್ಣು. ಅದನ್ನು ರಾಗಿ ಹಿಟ್ಟಿನ ಹಾಗೆ ಜರಡಿ ಹಿಡಿದಿದ್ದರು. ಅತ್ತೆಯ ಗಂಟು ಇನ್ನೂ ಚೆಂದ. ಒಗೆದ ಬಿಳಿ ಬಟ್ಟೆ, ಮೂಲೆಗೆ ಅರಿಶಿನ. ಒಳಗೆ ನುಣ್ಣನೆ ಕೆಂಪು ಮಣ್ಣು. ಮೇಷ್ಟ್ರು ಬೆರಳಲ್ಲಿ ಉಜ್ಜಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಏನಮ್ಮ, ಇದು ಹುತ್ತದ ಮಣ್ಣಲ್ಲವಾ?"

ಹೌದು. ಕಾಲೇಜಿಗೆ ಹೋಗುವ ಮಣ್ಣು ಎಂದು ಅತ್ತೆ ಮಡಿಯಲ್ಲಿ ಹೋಗಿ ಹುತ್ತದಿಂದ ತಂದಿದ್ದಳು. ಅದಕ್ಕಿಂತ ಶುದ್ಧವಾದ ಮಣ್ಣು ಊರಲ್ಲಿ ಇರಲಿಲ್ಲ.

"ಇದು ನಿಮ್ಮ ಹೊಲ ಅಲ್ಲ. ಇದು ನಿಮ್ಮ ಮನೆಯವರ ಮರ್ಯಾದೆ. ನೀನೇ ಹೋಗಿ ಅಗೆದು ತಾ," ಎಂದರು. ತರಗತಿ ನಕ್ಕಿತು, ನಾನೂ ನಕ್ಕೆ. ರಾತ್ರಿ ಹಾಸ್ಟೆಲಿನಲ್ಲಿ ಆ ಬಿಳಿ ಬಟ್ಟೆಯನ್ನು ಒಗೆಯಲು ಮನಸ್ಸು ಬರಲಿಲ್ಲ.

ಬೇಸಿಗೆ ರಜೆಯಲ್ಲಿ ಅಪ್ಪನೂ ನಾನೂ ಹೊರಟೆವು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಅಲ್ಲಿ ಬಸ್ಸು ಬದಲಾಯಿಸಿ ಶಿಡ್ಲಘಟ್ಟ. ನನ್ನ ಚೀಲದಲ್ಲಿ ಒಂದು ಅಳತೆ ಟೇಪು, ಬಟ್ಟೆ ಚೀಲಗಳು, ಸಣ್ಣ ಸೀಸೆಯಲ್ಲಿ ನೀರು ಬೆರೆಸಿದ ಆಸಿಡ್. ಸುಣ್ಣ ಇರುವ ಮಣ್ಣಿನ ಮೇಲೆ ಅದನ್ನು ಬಿಟ್ಟರೆ ಬುರುಗು ಬರುತ್ತದೆ. ಅಪ್ಪ ದಾರಿಯುದ್ದಕ್ಕೂ ಆ ಸೀಸೆಗೆ ಹೆದರಿ ಕೂತಿದ್ದರು. "ಕಂಡಕ್ಟರ್ ಕೇಳಿದ್ರೆ ಗ್ರೈಪ್ ವಾಟರ್ ಅಂತ ಹೇಳು," ಎಂದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಚಿಕ್ಕಪ್ಪ ದ್ರಾಕ್ಷಿ ಹಾಕಬೇಕೆಂದಿದ್ದಾನೆ. ಅತ್ತೆಯ ಎಕರೆ ಅವನ ಹೊಲಕ್ಕೆ ಅಂಟಿಕೊಂಡಿದೆ, ಬಾವಿಯೂ ಅಲ್ಲೇ ಇದೆ. ಅದನ್ನು ಬಿಟ್ಟುಕೊಟ್ಟರೆ ಬದಲಿಗೆ ದಿಣ್ಣೆಯ ಮೇಲಿನ ಒಂದು ಎಕರೆ ಕೊಡುತ್ತಾನಂತೆ. ಎಕರೆಗೆ ಎಕರೆ.

"ಅತ್ತೆ ಏನಂದ್ಲು?"

"ಹುಡುಗಿ ಬರ್ಲಿ, ಮಣ್ಣು ನೋಡ್ಲಿ ಅಂದ್ಲಂತೆ."

ಹುಡುಗಿ ಎಂದರೆ ನಾನು. ನನಗೆ ಬಸ್ಸು ಸಾಕೆನಿಸಿ ಎದ್ದು ಬಾಗಿಲ ಹತ್ತಿರ ನಿಂತೆ.

ಮನೆಯ ಜಗಲಿಯ ಮೇಲೆ ಚಿಕ್ಕಪ್ಪ ಕೂತಿದ್ದರು. ಅವರು ತಮಾಷೆಯ ಮನುಷ್ಯ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದವರು. ಇದನ್ನು ಮರೆತು ಮುಂದಿನದನ್ನು ಬರೆದರೆ ಅನ್ಯಾಯವಾಗುತ್ತದೆ.

"ಬಾರಮ್ಮ ಮಣ್ಣಿನ ಡಾಕ್ಟ್ರೇ," ಎಂದರು. "ಎರಡು ಕಡೇದೂ ನಾಡಿ ಹಿಡಿದು ನೋಡ್ಬಿಟ್ಟು, ಒಂದೇ ಮಣ್ಣು ಅಂತ ಹೇಳ್ಬಿಡು. ನಿಮ್ಮಪ್ಪ ಅಂತೂ ಬಾಯಿ ಬಿಡಲ್ಲ. ಆಫೀಸಲ್ಲಿ ಕೂತೂ ಕೂತೂ ಎಲ್ಲಾದಕ್ಕೂ ನೋಡೋಣ ಅಂತಾನೆ."

"ನೋಡೋಣ ತಾಳೋ," ಎಂದರು ಅಪ್ಪ. ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕರು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೊಪ್ಪಿನ ಕರೆ. "ನೋಡ್ದೆ ಹೆಂಗೆ ಹೇಳ್ತಾಳೋ?"

"ಹುಟ್ಟಿದಾಗಿಂದ ನೋಡಿರೋ ಹೊಲ ಅಲ್ವೇನಕ್ಕ."

"ನೀನು ನೋಡಿರೋದು ಮೇಲ್ಮೇಲೆ."

ಅಲ್ಲಿಂದ ಅವರಿಬ್ಬರೂ ತೆಲುಗಿಗೆ ಹೊರಳಿದರು. ನಮ್ಮ ಮನೆಯಲ್ಲಿ ಊಟ, ಲೆಕ್ಕ, ದೇವರು ಎಲ್ಲ ಕನ್ನಡದಲ್ಲಿ. ಅಣ್ಣ ತಮ್ಮ ಅಕ್ಕಂದಿರ ಜಗಳ ಮಾತ್ರ ತೆಲುಗಿನಲ್ಲಿ, ಅಜ್ಜಿಯ ಕಡೆಯಿಂದ ಬಂದದ್ದು. ಬೇಗ ಬೇಗ ಆಡಿದ ಆ ಮಾತುಗಳಲ್ಲಿ ಒಂದು ಮಾತು ನನಗೆ ಸ್ಪಷ್ಟವಾಗಿ ನೆನಪಿದೆ: "ನೀಕು ತೆಲೀದಾ?" ನಿನಗೆ ಗೊತ್ತಿಲ್ವಾ ಎಂದು. ಅದನ್ನು ಯಾರು ಯಾರಿಗೆ ಅಂದರು ಎಂಬುದೇ ನೆನಪಿಲ್ಲ. ಕೆಲವು ಸಲ ಅತ್ತೆಯ ದನಿಯಲ್ಲಿ ಕೇಳುತ್ತದೆ, ಕೆಲವು ಸಲ ಚಿಕ್ಕಪ್ಪನ ದನಿಯಲ್ಲಿ. ಅದೊಂದು ಗೊತ್ತಾದರೆ ನಾನು ಇದನ್ನೆಲ್ಲ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲು ಕೆರೆ ಕೆಳಗಿನ ಹೊಲಕ್ಕೆ ಹೋದೆವು. ಹಿಪ್ಪುನೇರಳೆ ಸಾಲುಗಳ ನಡುವೆ ಗುದ್ದಲಿಯಿಂದ ಗೇಣುದ್ದ ಅಗೆದು ಮಣ್ಣು ತೆಗೆದೆ. ಒಂದು ಹಿಡಿಗೆ ನೀರು ಚಿಮುಕಿಸಿ ನಾದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಪಟ್ಟಿಯ ಹಾಗೆ ಎಳೆದೆ. ಜೇಡಿ ಹೆಚ್ಚಿದ್ದರೆ ಪಟ್ಟಿ ಉದ್ದ ಬರುತ್ತದೆ, ಮರಳಿದ್ದರೆ ತುಂಡಾಗುತ್ತದೆ. ಚೆನ್ನಾಗಿ ಬಂತು. ಆಮೇಲೆ ದಿಣ್ಣೆಗೆ ಹತ್ತಿದೆವು. ಅಲ್ಲಿಂದ ಅಂಬಾಜಿದುರ್ಗದ ಬೆಟ್ಟ ಕಾಣುತ್ತದೆ. ದಿಣ್ಣೆಯ ಹೊಲ ಆ ವರ್ಷ ನೋಡಲು ಬಹಳ ಚೆನ್ನಾಗಿತ್ತು; ಚಿಕ್ಕಪ್ಪ ಗಾಡಿಗಟ್ಟಲೆ ಕೆರೆ ಗೋಡು ಹೊಡೆಸಿ, ಒಂದು ಸಲ ಉಳುಮೆಯೂ ಮಾಡಿಸಿದ್ದರು. ಪ್ರತಿ ಬೇಸಿಗೆಯೂ ಕೆರೆ ಒಣಗಿದಾಗ ಎಲ್ಲರೂ ಹೊಡೆಸುವುದೇ. ಅದರಲ್ಲಿ ವಿಶೇಷವೇನೂ ಇಲ್ಲ. ಗೇಣುದ್ದ ಅಗೆದೆ. ಅದೇ ಬಣ್ಣ. ನಾದಿದೆ, ಅದೇ ಪಟ್ಟಿ, ಅಷ್ಟೇ ಉದ್ದ. ಆಸಿಡ್ ಬಿಟ್ಟೆ, ಎರಡೂ ಕಡೆ ಬುರುಗು ಬರಲಿಲ್ಲ.

"ನೋಡ್ದಾ?" ಎಂದರು ಚಿಕ್ಕಪ್ಪ. "ನಾನು ಓದ್ದೇನೇ ಹೇಳಿದ್ದೆ."

ಅಪ್ಪ ಹೊರಡಲು ಛತ್ರಿ ಬಿಚ್ಚಿದರು. ಅತ್ತೆ ಕದಲಲಿಲ್ಲ.

"ನಿಮ್ಮ ಕಾಲೇಜಲ್ಲಿ ಇಷ್ಟೇನಾ ನೋಡೋದು?" ಎಂದು ನನ್ನನ್ನು ಕೇಳಿದಳು.

"ಇಲ್ಲ. ಗುಂಡಿ ತೋಡಿ ಪಕ್ಕದಿಂದ ನೋಡಬೇಕು. ಪದರ ಕಾಣಬೇಕು."

"ಮತ್ತೆ ತೋಡು. ಗೂಡಿನ ಮಾರ್ಕೆಟ್ಟಲ್ಲಿ ರೀಲರು ಏನ್ಮಾಡ್ತಾರೆ? ಮೇಲಿರೋ ಗೂಡು ಮುಟ್ಟಲ್ಲ. ಮೊಣಕೈವರ್ಗೂ ತಳಕ್ಕೆ ಕೈ ಹಾಕಿ ಎತ್ತಿ ನೋಡ್ತಾರೆ. ಹಂಗೇ."

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದ ಎಲ್ಲರಿಗೂ ಆ ಕೈ ಗೊತ್ತು. ನೂಲು ತೆಗೆಯುವ ರೀಲರುಗಳು ತಟ್ಟೆಯ ಮೇಲಿನ ಹೊಳೆಯುವ ಗೂಡುಗಳತ್ತ ಕಣ್ಣು ಹಾಯಿಸುವುದೂ ಇಲ್ಲ. ಒಳ್ಳೆಯದನ್ನು ಮೇಲಿಟ್ಟಿರುತ್ತಾರೆ ಎಂದು ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಅದಕ್ಕೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಆದರೆ ತಮ್ಮನ ಹೊಲದಲ್ಲಿ ನಿಂತು ಅತ್ತೆ ಆ ಮಾತು ಆಡಿದಾಗ ಚಿಕ್ಕಪ್ಪನ ಮುಖ ಕೆಂಪಾಯಿತು. ಕೆಂಪಾಯಿತು ಎಂದು ಬರೆದೆ. ಬಿಸಿಲಿಗೂ ಆಗಿರಬಹುದು.

"ಹೆಣ ಹೂಳೋ ಹಂಗೆ ತೋಡಬೇಕಾ ಈಗ?" ಎಂದರು. ಅಂದವರೇ ಪಂಚೆ ಎತ್ತಿ ಕಟ್ಟಿ, ಹಾರೆ ತೆಗೆದುಕೊಂಡು ತಾವೇ ಇಳಿದರು. ಇದನ್ನೂ ನಾನು ಮರೆಯಬಾರದು. ಆಳು ಕರೆಯಲಿಲ್ಲ. ಅವರು ಹಾರೆ ಹಾಕಿದರು, ನಾನು ಗುದ್ದಲಿಯಿಂದ ಎಳೆದೆ, ಅತ್ತೆ ಮಂಕರಿಯಲ್ಲಿ ತುಂಬಿ ದಡಕ್ಕೆ ಸುರಿದಳು. ಕಪ್ಪು ಮಣ್ಣು ಬೇಗ ಮುಗಿಯಿತು. ಆಮೇಲೆ ಕೆಂಪು, ಆಮೇಲೆ ಕೆಂಪಿನಲ್ಲಿ ಕಲ್ಲು. ಮೊಣಕಾಲಿನಷ್ಟು ಆಳ ಬರುವ ಹೊತ್ತಿಗೆ ಹಾರೆ ಠಣ್ ಎಂದಿತು. ಚಿಕ್ಕಪ್ಪ ಒಂದು ಅಡಿ ಪಕ್ಕಕ್ಕೆ ಸರಿದು ಹಾಕಿದರು. ಅಲ್ಲೂ ಠಣ್ ಎಂದಿತು. ಹಾರೆಯನ್ನು ನೆಟ್ಟು ಅದಕ್ಕೆ ಒರಗಿ ನಿಂತರು.

ನಾನು ಗುಂಡಿಯಲ್ಲಿ ಇಳಿದು ಚಾಕುವಿನಿಂದ ಒಂದು ಪಕ್ಕ ಕೆರೆದು ನಯ ಮಾಡಿದೆ. ಪುಸ್ತಕದಲ್ಲಿ ಚಿತ್ರ ಬರೆದ ಹಾಗೆ ಮೂರು ಪದರ ಎದ್ದು ಬಂದವು. ಕಂಠಪಾಠ ಒಪ್ಪಿಸುವವಳ ಹಾಗೆ ಜೋರಾಗಿ ಹೇಳಿದೆ: "ಮೇಲೆ ಇರೋದು ಹೊರಗಿಂದ ತಂದು ಹಾಕಿದ ಗೋಡು. ಈ ಹೊಲದ್ದು ಅಲ್ಲ. ಅದರ ಕೆಳಗೆ ಕಲ್ಲು ಬೆರೆತ ಕೆಂಪು ಮಣ್ಣು, ತೆಳ್ಳಗೆ. ಅದರ ಕೆಳಗೆ ಪೂರ್ತಿ ಗರಸು, ಅರ್ಧಂಬರ್ಧ ಒಡೆದ ಬಂಡೆ. ಹಿಪ್ಪುನೇರಳೆ ಬೇರು ಇಲ್ಲಿಂದ ಕೆಳಕ್ಕೆ ಇಳಿಯಲ್ಲ. ಕೆರೆ ಕೆಳಗಿನ ಹೊಲ ಹೀಗಿರಲ್ಲ, ಅಲ್ಲೂ ತೋಡಿ ನೋಡಬೇಕು."

ಮಧ್ಯಾಹ್ನ ಅಲ್ಲೂ ತೋಡಿದೆವು. ಸೊಂಟದವರೆಗೂ ಒಳ್ಳೆ ಮಣ್ಣು, ಅದರುದ್ದಕ್ಕೂ ಬೇರು. ಚಿಕ್ಕಪ್ಪ ಆಮೇಲೆ ಒಂದು ಸಲ ನನಗೆ ಹೇಳಿದ್ದರು: ದಿಣ್ಣೆಯಲ್ಲಿ ಗರಸು ಇದೆ ಅಂತ ಅಗೆಯೋಕೆ ಮೊದಲೇ ತಾವೇ ಅಂದಿದ್ದರಂತೆ, ನಾನು ಕೇಳಿಸಿಕೊಳ್ಳಲಿಲ್ಲವಂತೆ. ಇರಬಹುದು. ಆ ಬೆಳಿಗ್ಗೆ ನನಗೆ ನನ್ನ ದನಿಯನ್ನು ಬಿಟ್ಟು ಬೇರೆ ಏನೂ ಕೇಳಿಸುತ್ತಿರಲಿಲ್ಲ. ಓದಿದ್ದು ಮೊದಲ ಸಲ ನೆಲದೊಳಗೆ ಇದ್ದ ಹಾಗೇ ಕಂಡಿತ್ತು.

ಕೆರೆ ಕೆಳಗಿನ ಗುಂಡಿಯ ಅಂಚಿನಲ್ಲಿ ಎಲ್ಲರೂ ಕೂತಿದ್ದೆವು. ಬುತ್ತಿ ಬಿಚ್ಚಿದ್ದೆವು, ಯಾರೂ ಸರಿಯಾಗಿ ತಿನ್ನಲಿಲ್ಲ. ಅಪ್ಪ ತಮ್ಮನ ಕಡೆ ನೋಡದೆ, "ಹುಡುಗಿ ಹೇಳಿದ್ದು ಕೇಳಿದ್ರಲ್ಲ. ಎಕರೆಗೆ ಎಕರೆ ಅನ್ನೋದು ಹೆಂಗಪ್ಪ," ಎಂದರು. ಜೀವನದಲ್ಲಿ ಅವರು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ.

"ಅಕ್ಕ ಬೇಡ ಅಂದ್ರೆ ಬೇಡ," ಎಂದರು ಚಿಕ್ಕಪ್ಪ. "ನಾನೇನು ಕಿತ್ಕೊಳ್ತೀನಾ?"

ಅತ್ತೆ ಕೈ ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡಳು.

"ನಾನು ಬೇಡ ಅಂದ್ನೇನೋ?" ಎಂದಳು. "ದಿಣ್ಣೇದೇ ಇರ್ಲಿ ನಂಗೆ. ದ್ರಾಕ್ಷಿ ಹಾಕ್ಕೋ ಹೋಗು."

ಅವಳು ಎದ್ದು ಮಂಕರಿ ಎತ್ತಿಕೊಂಡು, "ಗುಂಡಿ ಮುಚ್ಚಣ ಬನ್ನಿ. ತಳದ ಮಣ್ಣು ತಳಕ್ಕೆ ಹೋಗ್ಲಿ, ಮೇಲಿಂದು ಮೇಲೆ ಬರ್ಲಿ, ಕಲಸಬೇಡಿ," ಎಂದಳು. ಚಿಕ್ಕಪ್ಪ ಎಳೆಯ ಹುಡುಗನ ಹಾಗೆ ಅವಳು ಹೇಳಿದಂತೆ ಎಳೆದು ಹಾಕಿದರು.

ವಾಪಸು ಬರುವಾಗ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ನಾನು ಒಂದು ಕಡೆ ನಿಲ್ಲಲಾರದೆ ಓಡಾಡುತ್ತಿದ್ದೆ. ಹಾಗಾದರೆ ನನ್ನಿಂದ ಏನಾಯಿತು? ಮಣ್ಣು ಚೆನ್ನಾಗಿಲ್ಲ ಎಂದು ನಾನು ಹೇಳಿದೆ, ಚೆನ್ನಾಗಿಲ್ಲದ್ದನ್ನೇ ಅವಳು ತೆಗೆದುಕೊಂಡಳು. ಅಪ್ಪನನ್ನು ಕೇಳಿದೆ. "ಅವಳ ಹೊಲ, ಅವಳಿಷ್ಟ," ಎಂದರು. ಮನೆಗೆ ಬಂದು ಅಮ್ಮನನ್ನು ಕೇಳಿದೆ. "ಅವಳು ಬೇಡ ಅಂದಿದ್ರೆ ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಯಾರೂ ಅವಳ ಬಾಗಿಲಿಗೆ ಹೋಗ್ತಿರ್ಲಿಲ್ಲ ಕಣೇ. ಎರಡು ಬೀದಿ ಆಚೆ ತವರು ಇಟ್ಕೊಂಡು ಮಾತಿಲ್ದೆ ಬದುಕೋದು ನಿನಗೇನು ಗೊತ್ತು," ಎಂದಳು. ಅಮ್ಮನ ಮಾತು ಸರಿ ಅನ್ನಿಸಿತು. ಆದರೆ ಹೇಗಿದ್ದರೂ ಕೊಡುವುದೇ ಆಗಿದ್ದರೆ ಅಗೆಸಿ ನೋಡುವ ಅಗತ್ಯ ಏನಿತ್ತು? ಸುಮ್ಮನೆ ಕೊಟ್ಟಿದ್ದರೆ ತಮ್ಮನ ಮರ್ಯಾದೆ ಉಳಿಯುತ್ತಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ನನಗೆ ಚಿಂತಾಮಣಿಯಲ್ಲೇ ಕೃಷಿ ಸಹಾಯಕಿಯ ಕೆಲಸ ಸಿಕ್ಕಿತು. ಹಳ್ಳಿ ಹಳ್ಳಿಗೆ ಹೋಗಿ ಮಣ್ಣಿನ ಮಾದರಿ ತೆಗೆಯುವುದನ್ನು ತೋರಿಸುತ್ತಿದ್ದೆ. ರಾಗಿಗಾದರೆ ಗೇಣುದ್ದ ಸಾಕು, ಹಿಪ್ಪುನೇರಳೆಗೂ ದ್ರಾಕ್ಷಿಗೂ ಆಳಕ್ಕೆ ಹೋಗಿ ಎನ್ನುತ್ತಿದ್ದೆ. ಒಳ್ಳೆ ಮಣ್ಣು ಆರಿಸಿ ಕೊಡಬೇಡಿ, ಇರುವ ಮಣ್ಣು ಕೊಡಿ ಎಂದರೆ ಗಂಡಸರು ನಗುತ್ತಿದ್ದರು, ಹೆಂಗಸರು ನಗುತ್ತಿರಲಿಲ್ಲ. ಅಥವಾ ನನಗೆ ಹಾಗೆ ಕಂಡಿತು.

ಭಾನುವಾರಗಳಲ್ಲಿ ಊರಿಗೆ ಹೋಗುತ್ತಿದ್ದೆ. ಕೆರೆ ಕೆಳಗೆ ಕಲ್ಲು ಕಂಬ ನೆಟ್ಟು ತಂತಿ ಎಳೆದು ಚಿಕ್ಕಪ್ಪ ದ್ರಾಕ್ಷಿ ಬೆಳೆದಿದ್ದರು. ಮೊದಲ ಗೊಂಚಲು ಅತ್ತೆಯ ಮನೆಗೆ ಹೋಗುತ್ತಿತ್ತು. ಬಾಗಿನ ಒಂದು ವರ್ಷವೂ ತಪ್ಪಲಿಲ್ಲ. ದಿಣ್ಣೆಯಲ್ಲಿ ಅತ್ತೆ ಹಾಕಿದ ಹಿಪ್ಪುನೇರಳೆ ಮೊದಲ ಎರಡು ವರ್ಷ ಸೊಂಟಕ್ಕೂ ಬರಲಿಲ್ಲ. ಎಲೆ ಸಣ್ಣ, ಬಿಸಿಲು ಏರಿದರೆ ಎಲ್ಲರ ತೋಟಕ್ಕಿಂತ ಮೊದಲು ಬಾಡುತ್ತಿತ್ತು. ಸೊಪ್ಪು ಸಾಲದೆ ಅವಳು ಸಾಕುವ ಹುಳು ಅರ್ಧಕ್ಕಿಳಿಯಿತು. ಆಮೇಲೆ ಬೇಸಿಗೆ ಬಂದರೆ ಚಿಕ್ಕಪ್ಪನ ಗಾಡಿ ಗೋಡು ತುಂಬಿಕೊಂಡು ಮೊದಲು ದಿಣ್ಣೆಗೇ ಹೋಗುವುದು ಶುರುವಾಯಿತು. ಅವಳು ಕೇಳಿದಳೋ, ಅವರೇ ಕಳಿಸಿದರೋ, ಇಬ್ಬರೂ ಬಾಯಿಬಿಟ್ಟಿಲ್ಲ. ಒಂದು ಸಲ ಯಾರೂ ನೋಡದಾಗ ನಾನು ಆ ಹೊಲದಲ್ಲಿ ಅಗೆದು ನೋಡಿದೆ. ಕಪ್ಪು ಪದರ ನಾನು ಅಳೆದಾಗ ಇದ್ದುದಕ್ಕಿಂತ ದಪ್ಪ ಆಗಿತ್ತು. ಗರಸು ಮಾತ್ರ ಇದ್ದಲ್ಲೇ ಇತ್ತು. ಗಾಡಿ ಬಂದ ವರ್ಷ ಗಿಡ ಚೆನ್ನಾಗಿ ಬರುತ್ತದೆ, ಬಾರದ ವರ್ಷ ಇಲ್ಲ. ಅಂದರೆ ಅವಳ ಬೆಳೆ ತಮ್ಮನ ಗಾಡಿಯ ಮೇಲೆ ನಿಂತಿತು. ಅಥವಾ ತಮ್ಮ ಪ್ರತಿ ಬೇಸಿಗೆ ಅವಳ ಹೊಲಕ್ಕೆ ಬಂದೇ ತೀರಬೇಕಾಯಿತು. ಯಾವುದನ್ನು ಮೊದಲು ಬರೆಯಬೇಕು ಎಂದು ಎಷ್ಟೋ ಸಲ ಹೊಡೆದು ಬರೆದಿದ್ದೇನೆ.

ಇನ್ನೊಂದು ಅನುಮಾನವೂ ಇದೆ, ಅದನ್ನು ಬರೆಯಲು ಸಂಕೋಚ. ಬಸ್ಸಿಳಿದ ಸಂಜೆ ನಾನು ಅತ್ತೆಗೆ, ಗುಂಡಿ ತೋಡಿ ಪದರ ಅಳೆದುಕೊಂಡು ಹೋಗದಿದ್ದರೆ ನನಗೆ ಮಾರ್ಕ್ಸ್ ಇಲ್ಲ ಎಂದು ಹೇಳಿದ್ದೆ. ಬರೀ ನನ್ನ ಪರೀಕ್ಷೆಗೋಸ್ಕರ ಅವಳು ತಮ್ಮನ ಕೈಯಲ್ಲಿ ಹಾರೆ ಹಿಡಿಸಿರಬಹುದೇ? ಇದು ನನಗೆ ಬಹಳ ಅನುಕೂಲವಾದ ಅರ್ಥ, ಅದಕ್ಕೇ ನಂಬಿಕೆ ಬರುವುದಿಲ್ಲ.

ತೊಂಬತ್ತೈದೋ ತೊಂಬತ್ತಾರೋ. ಅತ್ತೆಯ ಮನೆಯಲ್ಲಿ ಹುಳು ಹಣ್ಣಾಗಿತ್ತು. ಹಣ್ಣಾದ ಹುಳುವನ್ನು ಒಂದೊಂದೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಶುರುವಾದರೆ ಮುಗಿಯುವವರೆಗೆ ಏಳುವ ಹಾಗಿಲ್ಲ. ನಾನೂ ಕೂತು ಆರಿಸುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ. ಅಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಬಿಟ್ಟೆ. ಅವಳ ಬೆರಳು ನಿಂತವು, ಮತ್ತೆ ಹುಳುವಿನ ಕಡೆ ಹೋದವು. "ಆ ಚಂದ್ರಿಕೆ ಇತ್ಲಾಗೆ ಎಳಿ," ಎಂದಳು. ಎಳೆದೆ. ಅವಳು ಇನ್ನೂ ಗಟ್ಟಿಯಾಗಿದ್ದಾಳೆ, ನಾನು ಇನ್ನೂ ಹೋಗಿ ಬರುತ್ತೇನೆ, ಎರಡನೇ ಸಲ ಕೇಳುವ ಧೈರ್ಯ ಬಂದಿಲ್ಲ. ನಾನು ಅವಳನ್ನು ಕೇಳಿದ ಮಾತಿನಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಅಂದು ಸಂಜೆಯೇ ಬರೆದಿಟ್ಟುಕೊಂಡಿದ್ದೆ:

"ಅತ್ತೆ, ಆ ಹೊಲದ ಕೆಳಗೆ ಏನಿದೆ ಅಂತ ನಿನಗೆ ಮೊದಲೇ ಗೊತ್ತಿತ್ತು ಅಲ್ವಾ? ಕೊಡೋದು ಅಂತಲೂ ಮನಸ್ಸು ಮಾಡಿದ್ದೆ ಅಲ್ವಾ? ಮತ್ತೆ ಅವತ್ತು ಚಿಕ್ಕಪ್ಪನ ಕೈಯಲ್ಲೇ ಯಾಕೆ ಅಗೆಸಿದೆ?"